ಕಿಟಕಿ ಚೌಕಟ್ಟಿನ ಗೋಡೆ ತೆಳುವಾದ ಮೇಲೆ ಕಾಣುವ ದೋಷಗಳು: ಪತ್ತೆ ಮತ್ತು ಪರಿಹಾರ

ಸ್ನಾನದ ಮನೆ, ಶೌಚಾಲಯ ಮತ್ತು ಅಡುಗೆಮನೆಯ ಗೋಡೆಯ ಮೇಲ್ಭಾಗದಲ್ಲಿ ಕೂರಿಸುವ ವೆಂಟಿಲೇಟರ್‌ನ ಪ್ಲಾಸ್ಟಿಕ್ ಚೌಕಟ್ಟನ್ನು ಕಡಿಮೆ ಖರ್ಚಿನಲ್ಲಿ ತಯಾರಿಸಬೇಕೆಂದು ಅದರ ಗೋಡೆಯನ್ನು (ಚೌಕಟ್ಟಿನ ಪ್ಲಾಸ್ಟಿಕ್ ಮೈಯನ್ನು) ತೆಳುಗೊಳಿಸಿ ವಿನ್ಯಾಸ ಬದಲಿಸಿದ ಮೇಲೆ, ಅದುವರೆಗೆ ಇಲ್ಲದಿದ್ದ ದೋಷಗಳು ಒಂದರ ಹಿಂದೆ ಒಂದು ತಲೆದೋರುತ್ತವೆ. ಬದಿಗಳು ಒಳಕ್ಕೆ ಬಾಗುತ್ತವೆ, ಮೂಲೆಗಳು ಮೇಜಿನಿಂದ ಮೇಲೇಳುತ್ತವೆ, ಮುಖದ ಮೇಲೆ ತಗ್ಗು ಬೀಳುತ್ತದೆ, ಸ್ಕ್ರೂ ಬಿಗಿಯುವಾಗ ಚೌಕಟ್ಟು ಸೀಳುತ್ತದೆ. ಆಗ ಸಾಮಾನ್ಯವಾಗಿ ಎಲ್ಲರ ಕೈಯೂ ಮೊದಲು ಹೋಗುವುದು ಯಂತ್ರದ ಪ್ಯಾನಲ್‌ಗೆ. ಒತ್ತಡ ಏರಿಸುತ್ತಾರೆ, ತಣಿಯುವ ಸಮಯ ಹೆಚ್ಚಿಸುತ್ತಾರೆ, ಕೊನೆಗೆ ಉಳಿಸಬೇಕೆಂದಿದ್ದ ಹಣವೆಲ್ಲ ಅಲ್ಲೇ ಕರಗುತ್ತದೆ. ಈ ದೋಷಗಳಲ್ಲಿ ಹೆಚ್ಚಿನವುಗಳ ಬೇರು ಡ್ರಾಯಿಂಗಿನಲ್ಲಿದೆ. ಅದನ್ನು ಯಂತ್ರ ಮುಟ್ಟುವ ಮೊದಲೇ ಪತ್ತೆ ಹಚ್ಚುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಇಲ್ಲಿ ಹೇಳುತ್ತಿರುವುದು ಇಂಜೆಕ್ಷನ್ ಮೋಲ್ಡಿಂಗ್‌ನಲ್ಲಿ, ಅಂದರೆ ಕರಗಿದ ಪ್ಲಾಸ್ಟಿಕ್ ಅನ್ನು ಅಚ್ಚಿನೊಳಗೆ ಒತ್ತಿ ತುಂಬುವ ವಿಧಾನದಲ್ಲಿ, ಒಂದೇ ಶಾಟ್‌ಗೆ (ಒಂದೇ ಸಲದ ತುಂಬುವಿಕೆಗೆ) ಇಡಿಯಾಗಿ ಹೊರಬರುವ ಚಿಕ್ಕ ಚೌಕಟ್ಟಿನ ಬಗ್ಗೆ. ಉದ್ದನೆಯ ಪ್ರೊಫೈಲ್ ಎಳೆದು, ಕತ್ತರಿಸಿ, ಮೂಲೆಯಲ್ಲಿ ಬಿಸಿಯಿಂದ ಬೆಸೆಯುವ ಯುಪಿವಿಸಿ ಕಿಟಕಿಯ ಲೆಕ್ಕವೇ ಬೇರೆ. ದೊಡ್ಡ ಕಿಟಕಿಗೆ ಅದೇ ಸರಿಯಾದ ದಾರಿ. ಉದಾಹರಣೆಗಾಗಿ 600 ಮಿ.ಮೀ. ಅಗಲ, 450 ಮಿ.ಮೀ. ಎತ್ತರ ಮತ್ತು 50 ಮಿ.ಮೀ. ಅಗಲದ ಪಟ್ಟಿಯಿರುವ, ಹಿಂಬದಿ ತೆರೆದ ಚಾನೆಲ್ ಆಕಾರದ ಒಂದು ಚೌಕಟ್ಟನ್ನು ತೆಗೆದುಕೊಳ್ಳೋಣ. ಚಾನೆಲ್‌ನ ಎರಡು ಕಾಲುಗಳು ತಲಾ 30 ಮಿ.ಮೀ. ಆಗಿರಲಿ. ಮಾಲು 20 ಪ್ರತಿಶತ ಟಾಲ್ಕ್ (ಒಂದು ಖನಿಜ ಪುಡಿ) ಬೆರೆತ ಪಾಲಿಪ್ರೊಪಿಲೀನ್ ಆಗಿರಲಿ. ಗೋಡೆಯ ದಪ್ಪ 4 ಮಿ.ಮೀ. ಇದ್ದಾಗ ಇದರ ತೂಕ ಸುಮಾರು 880 ಗ್ರಾಂ ಬರುತ್ತದೆ. 2.5 ಮಿ.ಮೀ. ಮಾಡಿ, ಕಳೆದುಹೋದ ಗಡಸುತನಕ್ಕಾಗಿ ಇನ್ನಷ್ಟು ರಿಬ್‌ಗಳನ್ನು (ಗೋಡೆಗೆ ಬಲ ಕೊಡುವ ತೆಳು ಏಣುಗಳನ್ನು) ಸೇರಿಸಿದರೆ ಅದು 610 ಗ್ರಾಂಗಳ ಆಸುಪಾಸಿಗೆ ಇಳಿಯುತ್ತದೆ.

ಮಾಲಿನ ಉಳಿತಾಯ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದಕ್ಕಿಂತ ದೊಡ್ಡ ಉಳಿತಾಯ ತಣಿಯುವ ಸಮಯದಲ್ಲಿದೆ. ಅಚ್ಚಿನೊಳಗೆ ಪ್ಲಾಸ್ಟಿಕ್ ತಣಿಯಲು ಬೇಕಾಗುವ ಸಮಯವು ಗೋಡೆಯ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 230 ಡಿಗ್ರಿಯಲ್ಲಿ ಒಳಹೋದ ಮಾಲು 40 ಡಿಗ್ರಿಯ ಅಚ್ಚಿನಲ್ಲಿ 90 ಡಿಗ್ರಿಗೆ ಇಳಿಯಲು 4 ಮಿ.ಮೀ. ಗೋಡೆಗೆ ಸುಮಾರು 28 ಸೆಕೆಂಡು ಹಿಡಿದರೆ, 2.5 ಮಿ.ಮೀ. ಗೋಡೆಗೆ ಸುಮಾರು 11 ಸೆಕೆಂಡು ಸಾಕು. ಈ ಲೆಕ್ಕವನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಇಡೀ ಚೌಕಟ್ಟಿನಲ್ಲಿ ಒಂದೇ ಒಂದು ಜಾಗ 4 ಮಿ.ಮೀ. ದಪ್ಪ ಉಳಿದರೂ, ಯಂತ್ರ ಕಾಯಬೇಕಾಗುವುದು ಆ ಜಾಗಕ್ಕಾಗಿಯೇ. ಗಾಜು ಕೂರುವ ತುಟಿ, ಹಿಂಜ್ ಹಿಡಿಯುವ ದಿಮ್ಮಿ, ಮೂಲೆಯ ಗಟ್ಟಿ ಭಾಗ ಇವುಗಳಲ್ಲಿ ಯಾವುದಾದರೊಂದು ದಪ್ಪ ಉಳಿದಿದ್ದರೆ, ಬೇಗ ತೆಗೆದ ಚೌಕಟ್ಟು ಆ ಜಾಗದಲ್ಲಿ ಹೊರಗೆ ಬಂದ ಮೇಲೂ ಕುಗ್ಗುತ್ತಲೇ ಇರುತ್ತದೆ ಮತ್ತು ಅಕ್ಕಪಕ್ಕದ ತೆಳು ಗೋಡೆಯನ್ನು ಎಳೆಯುತ್ತದೆ. ಮುಂದೆ ಹೇಳುವ ಬಹುಪಾಲು ದೋಷಗಳು ಈ ಎಳೆತದ ರೂಪಗಳೇ.

ಅಳತೆಗೆ ಮೊದಲು

ಅಚ್ಚಿನಿಂದ ಆಗ ತಾನೇ ಬಿದ್ದ ಬಿಸಿ ಚೌಕಟ್ಟನ್ನು ಅಳೆದು ಯಾವ ತೀರ್ಮಾನಕ್ಕೂ ಬರಬಾರದು. ಪಾಲಿಪ್ರೊಪಿಲೀನ್ ಅಚ್ಚಿನ ಹೊರಗೂ ಕುಗ್ಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಮೊದಲ 24 ಗಂಟೆಯಲ್ಲಿ ಮುಗಿಯುತ್ತದೆ. ಯಂತ್ರ ಒಂದು ಲಯಕ್ಕೆ ಬಂದ ನಂತರ ಸತತವಾಗಿ 10 ಚೌಕಟ್ಟುಗಳನ್ನು ತೆಗೆದು, ಪ್ರತಿಯೊಂದರ ಮೇಲೂ ಶಾಟ್‌ನ ಸಂಖ್ಯೆ ಮತ್ತು ಗೇಟ್ (ಮಾಲು ಅಚ್ಚಿನೊಳಗೆ ನುಗ್ಗುವ ಬಾಯಿ) ಇರುವ ಬದಿಯನ್ನು ಮಾರ್ಕರ್‌ನಿಂದ ಬರೆದು, ಒಂದರ ಮೇಲೊಂದು ಪೇರಿಸದೆ ಸಮತಟ್ಟಾದ ಜಾಗದಲ್ಲಿ ಒಂದು ದಿನ ಬಿಡಬೇಕು. ಪೇರಿಸಿಟ್ಟರೆ ಕೆಳಗಿನವು ಮೇಲಿನವುಗಳ ಭಾರಕ್ಕೆ ನೇರವಾಗಿ ಕಂಡು, ಮನೆಯ ಗೋಡೆ ಸೇರಿದ ಮೇಲೆ ಮತ್ತೆ ಬಾಗುತ್ತವೆ.

ಮರುದಿನ ಮೊದಲು ತೂಕ ಮಾಡಿ. ಹತ್ತರ ತೂಕವೂ ಹೆಚ್ಚುಕಡಿಮೆ ಒಂದೇ ಇದ್ದು ದೋಷ ಮಾತ್ರ ಎಲ್ಲದರಲ್ಲೂ ಒಂದೇ ರೀತಿ ಇದ್ದರೆ, ಕಾರಣ ಅಚ್ಚಿನಲ್ಲಿ ಅಥವಾ ವಿನ್ಯಾಸದಲ್ಲಿದೆ. ತೂಕ ಶಾಟ್‌ನಿಂದ ಶಾಟ್‌ಗೆ ಏರಿಳಿಯುತ್ತಿದ್ದರೆ ಅಚ್ಚನ್ನು ದೂರುವ ಮೊದಲು ಯಂತ್ರದೊಳಗೆ ಮಾಲನ್ನು ತಳ್ಳುವ ಸ್ಕ್ರೂವಿನ ತುದಿಯ ಚೆಕ್ ವಾಲ್ವ್ (ಮಾಲು ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ) ಸವೆದಿದೆಯೇ, ಹಳೆಯ ತುಂಡುಗಳನ್ನು ಗ್ರೈಂಡ್ ಮಾಡಿದ ಮಾಲು ಹೊಸ ಮಾಲಿನೊಂದಿಗೆ ಸಮವಾಗಿ ಬೆರೆತಿದೆಯೇ ಎಂದು ನೋಡಬೇಕು. ಜೊತೆಗೆ ಹೋಲ್ಡ್ ಸಮಯವನ್ನು (ಅಚ್ಚು ತುಂಬಿದ ಮೇಲೂ ಒತ್ತಡ ಹಿಡಿದಿಡುವ ಸಮಯ) ಒಂದೊಂದೇ ಸೆಕೆಂಡು ಹೆಚ್ಚಿಸುತ್ತಾ ತೂಕ ಗುರುತು ಮಾಡಿಕೊಳ್ಳಬೇಕು. ತೂಕ ಏರುವುದು ನಿಂತ ಘಳಿಗೆಯಲ್ಲಿ ಗೇಟ್ ಗಟ್ಟಿಯಾಗಿದೆ ಎಂದು ಅರ್ಥ. ಅದರಾಚೆ ಕೊಡುವ ಹೋಲ್ಡ್ ಸಮಯದಿಂದ ಚೌಕಟ್ಟಿಗೆ ಏನೂ ಸೇರುವುದಿಲ್ಲ, ಸೈಕಲ್ (ಒಂದು ಚೌಕಟ್ಟು ತೆಗೆಯಲು ಹಿಡಿಯುವ ಒಟ್ಟು ಸಮಯ) ಮಾತ್ರ ಉದ್ದವಾಗುತ್ತದೆ.

ಬದಿಗಳು ಒಳಕ್ಕೆ ಬಾಗಿದಾಗ

ಇದೇ ಎಲ್ಲಕ್ಕಿಂತ ಹೆಚ್ಚು ಕಾಡುವ ದೋಷ. ಮೂಲೆಗಳ ಹತ್ತಿರ ಅಳತೆ ಸರಿಯಿರುತ್ತದೆ, ಆದರೆ ಉದ್ದದ ಬದಿಗಳ ನಡುವೆ ತೆರವು ಕಿರಿದಾಗಿರುತ್ತದೆ. ಗಾಜಿನ ಲೂವರ್ ಕೂರಿಸುವಾಗ ಮಧ್ಯದ ಪಟ್ಟಿ ಸಿಕ್ಕಿಕೊಳ್ಳುತ್ತದೆ. ಉದ್ದದ ಬದಿಯ ಒಳ ಅಂಚಿಗೆ ನೇರಪಟ್ಟಿ ಹಿಡಿದು, ಎರಡು ತುದಿಗಳಲ್ಲಿ ಉಳಿಯುವ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ತೂರಿಸಿ ಬಾಗನ್ನು ಬರೆದುಕೊಳ್ಳಬೇಕು.

ಕಾರಣ ಎರಡರಲ್ಲಿ ಒಂದು. ಮೊದಲನೆಯದು ಮೂಲೆ. ಮೂಲೆಯ ಒಳಭಾಗದಲ್ಲಿ ಚಾಚಿಕೊಂಡಿರುವ ಉಕ್ಕಿಗೆ ಎರಡು ಗೋಡೆಗಳಿಂದಲೂ ಶಾಖ ಬರುತ್ತದೆ, ಅದನ್ನು ಸಾಗಹಾಕುವ ನೀರು ಮಾತ್ರ ದೂರದಲ್ಲಿರುತ್ತದೆ. ಹಾಗಾಗಿ ಮೂಲೆಯ ಒಳಮೈ ಕೊನೆಗೆ ತಣಿಯುತ್ತದೆ, ಹೆಚ್ಚು ಕುಗ್ಗುತ್ತದೆ, 90 ಡಿಗ್ರಿ ಇರಬೇಕಾದ ಕೋನ ಮುಚ್ಚಿಕೊಳ್ಳುತ್ತದೆ. ನಾಲ್ಕು ಮೂಲೆಗಳೂ ಮುಚ್ಚಿಕೊಂಡರೆ ಸುತ್ತು ಕೂಡಿಬರಲು ಬದಿಗಳು ಒಳಗೆ ಬಾಗಲೇಬೇಕು. ನಮ್ಮ ಉದಾಹರಣೆಯ ಚೌಕಟ್ಟಿನಲ್ಲಿ ಪ್ರತಿ ಮೂಲೆ 1 ಡಿಗ್ರಿ ಮುಚ್ಚಿಕೊಂಡರೆ ಉದ್ದದ ಬದಿಯ ನಡುಭಾಗ ಸುಮಾರು 1.4 ಮಿ.ಮೀ. ಒಳಗೆ ಬರುತ್ತದೆ, ಎರಡು ಬದಿ ಸೇರಿ ತೆರವು 2.8 ಮಿ.ಮೀ. ಕಿರಿದಾಗುತ್ತದೆ. ಎರಡನೆಯ ಕಾರಣ ಪಟ್ಟಿಯ ಅಡ್ಡಕೊಯ್ತದಲ್ಲಿದೆ: ಹೊರಬದಿಯ ಕಾಲು ಒಳಬದಿಯದಕ್ಕಿಂತ ದಪ್ಪವಾಗಿದ್ದರೆ ಅಥವಾ ಬಿಸಿಯಾಗಿ ಉಳಿದರೆ, ಹೊರ ಅಂಚು ಹೆಚ್ಚು ಕುಗ್ಗಿ ಪಟ್ಟಿಯೇ ಬಿಲ್ಲಿನಂತೆ ಒಳಕ್ಕೆ ಉಬ್ಬಲು ಹವಣಿಸುತ್ತದೆ.

ಇವೆರಡನ್ನು ಬೇರ್ಪಡಿಸಲು ನಾನು ನೆಚ್ಚಿಕೊಂಡಿರುವುದು ಗರಗಸವನ್ನು. ಒಂದು ದಿನ ಬಿಟ್ಟ ಚೌಕಟ್ಟನ್ನು ಮೇಜಿನ ಮೇಲೆ ಬಿಡಿಯಾಗಿಟ್ಟು, ಕ್ಲ್ಯಾಂಪ್ ಬಿಗಿಯದೆ, ಕಿರಿದಾದ ಬದಿಯೊಂದರ ನಡುವೆ ಹ್ಯಾಕ್ಸಾದಿಂದ ನಿಧಾನವಾಗಿ ಕತ್ತರಿಸಬೇಕು. ಕತ್ತರಿಸುತ್ತಾ ಹೋದಂತೆ ಬ್ಲೇಡ್ ಕಚ್ಚಿಕೊಂಡು, ಕತ್ತರಿಸಿ ಮುಗಿದ ಮೇಲೆ ಎರಡು ತುದಿಗಳು ಒಂದನ್ನೊಂದು ಒತ್ತುತ್ತಿದ್ದರೆ ಅಥವಾ ಪಕ್ಕಕ್ಕೆ ಜಾರಿ ಒಂದರ ಮೇಲೊಂದು ಏರಿದರೆ, ಮೂಲೆಗಳು ಮುಚ್ಚಿಕೊಂಡಿವೆ ಎಂಬ ಅನುಮಾನ ಗಟ್ಟಿಯಾಗುತ್ತದೆ. ತುದಿಗಳು ದೂರ ಸರಿದು ಸಂದಿ ಅಗಲವಾದರೆ ಎರಡನೆಯ ಕಾರಣದ ಕಡೆ ನೋಡಬೇಕು. ಬಳಿಕ ಬಿಡುಗಡೆಯಾದ ಚೌಕಟ್ಟಿನ ಮೂಲೆಗಳಿಗೆ ಮಟ್ಟಗೋಲು ಹಿಡಿದು, ಬದಿಗಳಿಗೆ ನೇರಪಟ್ಟಿ ಹಿಡಿದು ಖಚಿತಪಡಿಸಿಕೊಳ್ಳಿ. ಬದಿಗಳು ನೇರವಾಗಿದ್ದು ಮೂಲೆ 90 ಡಿಗ್ರಿಗಿಂತ ಕಡಿಮೆಯಿದ್ದರೆ ಮೂಲೆಯೇ ಕಾರಣ. ಮೂಲೆ ಸರಿಯಾಗಿದ್ದು ಬದಿಗಳು ಬಾಗಿದ್ದರೆ ಅಡ್ಡಕೊಯ್ತ ಕಾರಣ. ಒಂದು ಚೌಕಟ್ಟು ಹಾಳಾಗುತ್ತದೆ ನಿಜ, ಆದರೆ ಅದು ಹೇಳುವಷ್ಟನ್ನು ಹೋಲ್ಡ್ ಪ್ರೆಶರ್‌ನ ಇಪ್ಪತ್ತು ಪ್ರಯೋಗಗಳು ಹೇಳುವುದಿಲ್ಲ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇಂಥದೇ ಚೌಕಟ್ಟಿಗೆ ತಣಿಯುವ ಸಮಯವನ್ನು ಏರಿಸುತ್ತಾ ಹೋಗಿ, ದಪ್ಪ ಗೋಡೆಯ ಹಳೆಯ ಚೌಕಟ್ಟಿನ ಸೈಕಲ್‌ಗೇ ಮರಳಿದ್ದರು. ಕತ್ತರಿಸಿ ನೋಡಿದಾಗ ಬ್ಲೇಡ್ ಅರ್ಧದಲ್ಲೇ ಕಚ್ಚಿಕೊಂಡಿತು. ಕೋರ್‌ನ, ಅಂದರೆ ಚೌಕಟ್ಟಿನ ಹಿಂಬದಿ ರೂಪಿಸುವ ಅಚ್ಚಿನ ಭಾಗದ, ನೀರಿನ ಸಂಪರ್ಕ ಬಿಚ್ಚಿದರೆ, ಮೂಲೆಯವರೆಗೆ ಹೋಗುವ ದಾರಿಯ ಒಳಗೆಲ್ಲ ಬೋರ್‌ವೆಲ್ ನೀರಿನ ಸುಣ್ಣ ಬಿಳಿಯ ತೊಗಟೆಯಂತೆ ಕಟ್ಟಿತ್ತು. ಸಪೂರ ಸರಳು ತೂರಿಸಿದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಬೆಂಗಳೂರಿನ ಗಡಸು ನೀರಿನಲ್ಲಿ ಇದು ಅಪರೂಪವಲ್ಲ. ಹಾಗಾಗಿ ವಿನ್ಯಾಸ ಬದಲಿಸುವ ಮೊದಲು, ಅಚ್ಚಿನೊಳಗೆ ಹೋಗುವ ಮತ್ತು ಹೊರಬರುವ ನೀರಿನ ತಾಪಮಾನವನ್ನು ಪ್ರತಿ ಸುತ್ತಿನಲ್ಲೂ ಅಳೆಯಬೇಕು. ವ್ಯತ್ಯಾಸ 3 ಡಿಗ್ರಿಯನ್ನು ಮೀರಿದರೆ ಹರಿವು ಸಾಲುತ್ತಿಲ್ಲ. ಸುಣ್ಣ ಕಟ್ಟಿದ ಸುತ್ತಿನಲ್ಲಿ ವ್ಯತ್ಯಾಸ ಕಡಿಮೆ ಕಂಡರೂ ಮೋಸಹೋಗಬಾರದು. ಶಾಖ ನೀರಿಗೆ ದಾಟುತ್ತಲೇ ಇಲ್ಲವಾದ್ದರಿಂದ ಹಾಗೆ ಕಾಣುತ್ತಿರಬಹುದು. ಹರಿವಿನ ಪ್ರಮಾಣವನ್ನು ಬಕೆಟ್ ಮತ್ತು ಗಡಿಯಾರ ಹಿಡಿದು ಪ್ರತ್ಯೇಕವಾಗಿ ಅಳೆಯುವುದು ಅಗತ್ಯ.

ನೀರು ಸರಿಯಿದ್ದೂ ಮೂಲೆ ಮುಚ್ಚಿಕೊಳ್ಳುತ್ತಿದ್ದರೆ, ಮೂಲೆಯ ಒಳ ತ್ರಿಜ್ಯವನ್ನು ಗೋಡೆಯ ದಪ್ಪದ ಅರ್ಧಕ್ಕೂ ಹೊರ ತ್ರಿಜ್ಯವನ್ನು ಒಂದೂವರೆ ಪಟ್ಟಿಗೂ ತಂದು, ಮೂಲೆಯಲ್ಲೂ ದಪ್ಪ ಅದೇ 2.5 ಮಿ.ಮೀ. ಉಳಿಯುವಂತೆ ಮಾಡಬೇಕು. ಒಳಗೆ ಮಾತ್ರ ಗುಂಡಗೆ ಮಾಡಿ ಹೊರಗೆ ಚೂಪಾಗಿ ಬಿಟ್ಟರೆ ಮೂಲೆ ಇನ್ನಷ್ಟು ದಪ್ಪವಾಗಿ ದೋಷ ಹೆಚ್ಚುತ್ತದೆ. ಅಷ್ಟಕ್ಕೂ ಬಗ್ಗದಿದ್ದರೆ ಮೂಲೆಯ ಉಕ್ಕಿನ ಜಾಗದಲ್ಲಿ ತಾಮ್ರದ ಮಿಶ್ರಲೋಹದ ಇನ್ಸರ್ಟ್ ಕೂರಿಸಬಹುದು. ಅದು ಅಚ್ಚಿನ ಸಾಮಾನ್ಯ ಉಕ್ಕಿಗಿಂತ ಮೂರು ನಾಲ್ಕು ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ. ಬೆರಿಲಿಯಂ ಇರುವ ಮಿಶ್ರಲೋಹವಾದರೆ ಅದನ್ನು ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ತೀರ ಅಪಾಯಕಾರಿ. ಗ್ರೈಂಡಿಂಗ್ ಮಾಡುವ ಹುಡುಗರಿಗೆ ಅದನ್ನು ಹೇಳದೆ ಕೆಲಸ ಕೊಡಬಾರದು.

ಚೌಕಟ್ಟು ಮೇಜಿನ ಮೇಲೆ ಕೂರದಿದ್ದಾಗ

ಚೌಕಟ್ಟನ್ನು ಮುಖ ಕೆಳಗಾಗಿ ಸರ್ಫೇಸ್ ಪ್ಲೇಟ್ ಮೇಲಿಡಿ. ನಾಲ್ಕು ಮೂಲೆಗಳೂ ಸಮನಾಗಿ ಮೇಲೆದ್ದಿದ್ದರೆ ಹಿಂಬದಿ, ಅಂದರೆ ಕೋರ್ ಕಡೆ, ಹೆಚ್ಚು ಬಿಸಿಯಾಗಿ ಉಳಿದಿದೆ. ಬಿಸಿ ಉಳಿದ ಮೈ ಹೆಚ್ಚು ಕುಗ್ಗಿ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಮೂಲೆಗಳು ತಾಗಿದ್ದು ನಡುಭಾಗ ಎದ್ದಿದ್ದರೆ ಕ್ಯಾವಿಟಿಯ, ಅಂದರೆ ಮುಖ ರೂಪಿಸುವ ಅಚ್ಚಿನ ಭಾಗದ, ಕಡೆ ಬಿಸಿ ಹೆಚ್ಚಾಗಿದೆ. ಇದನ್ನು ಪರೀಕ್ಷಿಸುವುದು ಸುಲಭ: ಬಿಸಿ ಇದೆಯೆಂದು ಅನುಮಾನವಿರುವ ಕಡೆಯ ನೀರನ್ನು 10 ಡಿಗ್ರಿ ಇಳಿಸಿ, ಅರ್ಧ ಗಂಟೆ ಓಡಿಸಿ, ಮತ್ತೆ ಮಾದರಿ ತೆಗೆದು ನೋಡಬೇಕು. ಬಾಗು ಬದಲಾಗದಿದ್ದರೆ ಕಾರಣ ತಾಪಮಾನದಲ್ಲಿಲ್ಲ, ಹಿಂಬದಿಯ ರಿಬ್‌ಗಳಲ್ಲಿ ಇರಬಹುದು. ರಿಬ್‌ಗಳು ಗೋಡೆಗಿಂತ ತೆಳುವಾದ್ದರಿಂದ ಮೊದಲು ಗಟ್ಟಿಯಾಗುತ್ತವೆ, ಆಮೇಲೆ ಮುಖದ ಗೋಡೆ ಕುಗ್ಗುವಾಗ ಅವು ಅಡ್ಡ ನಿಲ್ಲುತ್ತವೆ.

ಎದುರುಬದುರಿನ ಎರಡು ಮೂಲೆಗಳು ಮಾತ್ರ ಎದ್ದು, ಒತ್ತಿದಾಗ ಚೌಕಟ್ಟು ಟಕ್ ಟಕ್ ಎಂದು ಅಲುಗಾಡಿದರೆ ಅದು ತಿರುಚು. ಒಂದು ಕಾಲುಭಾಗ ಉಳಿದವುಗಳಿಗಿಂತ ಬೇರೆ ರೀತಿ ತುಂಬಿದೆ ಅಥವಾ ತಣಿದಿದೆ, ಇಲ್ಲವೇ ಎಜೆಕ್ಟರ್ ಪಿನ್‌ಗಳು (ಚೌಕಟ್ಟನ್ನು ಅಚ್ಚಿನಿಂದ ಹೊರದೂಡುವ ಸರಳುಗಳು) ಒಂದು ಕಡೆ ಮೊದಲು ತಳ್ಳುತ್ತಿವೆ. ಕೊನೆಯದನ್ನು ಪತ್ತೆ ಹಚ್ಚಲು ಅಚ್ಚು ತೆರೆದ ಮೇಲೆ ಎಜೆಕ್ಟರ್ ವೇಗವನ್ನು ತೀರ ತಗ್ಗಿಸಿ ಕಣ್ಣಿಟ್ಟು ನೋಡಿದರೆ ಸಾಕು. ಬದಿಗಳ ಡ್ರಾಫ್ಟ್ (ಅಚ್ಚಿನಿಂದ ಸಲೀಸಾಗಿ ಬಿಡಲೆಂದು ಕೊಡುವ ಓರೆ) 1 ಡಿಗ್ರಿಗಿಂತ ಕಡಿಮೆ ಇದ್ದರೆ ಚೌಕಟ್ಟು ಕೋರ್ ಅನ್ನು ಬಿಗಿಯಾಗಿ ಹಿಡಿದು, ಬಿಡುವಾಗ ಎಲ್ಲಿ ಹಿಡಿತ ಹೆಚ್ಚಿದೆಯೋ ಅಲ್ಲಿ ಎಳೆಯಲ್ಪಡುತ್ತದೆ.

ಗೇಟ್, ತುಂಬುವಿಕೆ ಮತ್ತು ಸೀಳುವ ಸ್ಕ್ರೂ ರಂಧ್ರ

ಗೋಡೆ ತೆಳುವಾದ ಮೇಲೂ ಹಳೆಯ ಗೇಟ್ ಅನ್ನೇ ಉಳಿಸಿಕೊಳ್ಳುವುದು ನಾನು ಮತ್ತೆ ಮತ್ತೆ ಕಂಡಿರುವ ತಪ್ಪು. ನಮ್ಮ ಚೌಕಟ್ಟಿನ ನಡುಗೆರೆಯ ಸುತ್ತಳತೆ 1900 ಮಿ.ಮೀ. ಒಂದೇ ಗೇಟ್ ಇದ್ದರೆ ಮಾಲು ಎರಡೂ ಕಡೆ 950 ಮಿ.ಮೀ. ಸಾಗಿ ಎದುರಿಗೆ ಕೂಡಬೇಕು. 4 ಮಿ.ಮೀ. ಗೋಡೆಯಲ್ಲಿ ಇದು ದಪ್ಪದ 240 ಪಟ್ಟಿನಷ್ಟು ದೂರ, ಹೇಗೋ ಸಾಗುತ್ತಿತ್ತು. 2.5 ಮಿ.ಮೀ. ಆದಾಗ ಅದು 380 ಪಟ್ಟು. ಮಾಲು ದಾರಿಯಲ್ಲೇ ತಣಿದು ಶಾರ್ಟ್ ಶಾಟ್ (ಪೂರ್ತಿ ತುಂಬದ ಚೌಕಟ್ಟು) ಆಗುತ್ತದೆ. ಒತ್ತಡ ಏರಿಸಿ ತುಂಬಿಸಿದರೆ ಗೇಟ್ ಬಳಿ ಫ್ಲ್ಯಾಶ್ (ಅಚ್ಚಿನ ಸಂದಿಯಿಂದ ಹೊರಚಾಚುವ ತೆಳು ಪದರ), ದೂರದಲ್ಲಿ ಪೊಳ್ಳು, ನಡುವೆ ತಿರುಚು ಮೂರೂ ಒಟ್ಟಿಗೆ ಬರುತ್ತವೆ. ಈ ಚೌಕಟ್ಟಿನ ಎದುರುಮೈ ವಿಸ್ತೀರ್ಣ 950 ಚದರ ಸೆಂ.ಮೀ.; ಕ್ಯಾವಿಟಿಯ ಒತ್ತಡ ಚದರ ಸೆಂ.ಮೀ.ಗೆ 300 ಕೆ.ಜಿ. ಎಂದಿಟ್ಟುಕೊಂಡರೂ ಅಚ್ಚನ್ನು ಮುಚ್ಚಿ ಹಿಡಿಯಲು 285 ಟನ್ ಬೇಕು. ಒತ್ತಡ ಇನ್ನೂ ಏರಿದರೆ ದೊಡ್ಡ ಯಂತ್ರಕ್ಕೆ ಹೋಗಬೇಕಾಗುತ್ತದೆ, ಅದರ ಗಂಟೆಯ ದರ ಉಳಿತಾಯವನ್ನು ನುಂಗುತ್ತದೆ. ಇದೇ ಕಾರಣಕ್ಕೆ ಈ ಅಳತೆಯ ಚೌಕಟ್ಟಿನಲ್ಲಿ 2 ಮಿ.ಮೀ.ಗೆ ಇಳಿಯುವುದನ್ನು ನಾನು ಒಪ್ಪುವುದಿಲ್ಲ.

ಗೇಟ್ ಎರಡು ಮಾಡಿದರೆ ದೂರ 475 ಮಿ.ಮೀ.ಗೆ, ಅಂದರೆ ದಪ್ಪದ 190 ಪಟ್ಟಿಗೆ ಇಳಿದು ಪಾಲಿಪ್ರೊಪಿಲೀನ್ ಆರಾಮವಾಗಿ ತುಂಬುತ್ತದೆ. ಆದರೆ ಮುಚ್ಚಿದ ಸುತ್ತಿನಲ್ಲಿ ಎಷ್ಟು ಗೇಟ್‌ಗಳೋ ಅಷ್ಟೇ ವೆಲ್ಡ್ ಲೈನ್‌ಗಳು (ಎರಡು ಹರಿವುಗಳು ಕೂಡುವ ಗೆರೆಗಳು) ಎಂಬುದು ತಪ್ಪದ ನಿಯಮ. ಅವನ್ನು ಇಲ್ಲವಾಗಿಸಲು ಸಾಧ್ಯವಿಲ್ಲ, ಎಲ್ಲಿ ಬೀಳಬೇಕೆಂದು ನಿರ್ಧರಿಸಲು ಮಾತ್ರ ಸಾಧ್ಯ. ಎದುರುಬದುರಿನ ಎರಡು ಮೂಲೆಗಳಲ್ಲಿ ಗೇಟ್ ಇಟ್ಟರೆ ವೆಲ್ಡ್ ಲೈನ್ ಉಳಿದ ಎರಡು ಮೂಲೆಗಳ ಹತ್ತಿರ, ಅಂದರೆ ಹೆಚ್ಚು ಒತ್ತಡ ಬೀಳುವ ಜಾಗದಲ್ಲೇ ಬೀಳುತ್ತದೆ. ಉದ್ದದ ಬದಿಗಳ ನಡುವೆ ಇಟ್ಟರೆ ಅದು ಕಿರಿದಾದ ಬದಿಗಳ ನಡುವೆ ಬರುತ್ತದೆ. ಅದೇ ಜಾಗದಲ್ಲಿ ಗೋಡೆಗೆ ಬಿಗಿಯುವ ಸ್ಕ್ರೂ ರಂಧ್ರವೂ ಇರುವುದರಿಂದ ಬಿಗಿಯುವಾಗ ಸೀಳುತ್ತದೆ. ರಂಧ್ರವನ್ನು 50 ಮಿ.ಮೀ. ಪಕ್ಕಕ್ಕೆ ಸರಿಸುವುದು ಇದಕ್ಕೆ ಅತ್ಯಂತ ಅಗ್ಗದ ಪರಿಹಾರ.

ಸೀಳು ನಿಜವಾಗಿ ವೆಲ್ಡ್ ಲೈನ್‌ನದ್ದೇ ಎಂದು ತಿಳಿಯಲು ಬೇಕೆಂದೇ ಅರ್ಧ ತುಂಬಿದ ಶಾಟ್‌ಗಳನ್ನು ತೆಗೆಯಬೇಕು. ಮಾಲಿನ ಪ್ರಮಾಣವನ್ನು 70, 80, 90 ಪ್ರತಿಶತಕ್ಕೆ ನಿಲ್ಲಿಸಿ ತೆಗೆದ ತುಂಡುಗಳನ್ನು ಸಾಲಾಗಿ ಜೋಡಿಸಿದರೆ ಎರಡು ಹರಿವುಗಳು ಎಲ್ಲಿ ಎದುರಾಗುತ್ತವೆ, ಯಾವುದು ಹಿಂದೆ ಬಿದ್ದಿದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಕೂಡುವ ಜಾಗದಲ್ಲಿ ಸುಟ್ಟ ಕಂದು ಗುರುತು ಇದ್ದರೆ ಗಾಳಿ ಸಿಕ್ಕಿಕೊಂಡಿದೆ; ಅಲ್ಲಿ 0.02 ರಿಂದ 0.03 ಮಿ.ಮೀ. ಆಳದ ವೆಂಟ್ (ಗಾಳಿ ಹೊರಹೋಗುವ ದಾರಿ) ತೆಗೆಯಬೇಕು.

ಮುಖದ ಮೇಲಿನ ತಗ್ಗು

ರಿಬ್‌ನ ಬೆನ್ನಿಗೆ ಮುಖದ ಮೇಲೆ ಗೆರೆಯಂತೆ ತಗ್ಗು ಕಂಡರೆ ರಿಬ್‌ನ ಬುಡವನ್ನು ಕತ್ತರಿಸಿ ವರ್ನಿಯರ್‌ನಿಂದ ಅಳೆಯಿರಿ. ಗೋಡೆ 4 ಮಿ.ಮೀ. ಇದ್ದಾಗ ರಿಬ್ 2.4 ಮಿ.ಮೀ. ಇದ್ದಿತು, ಅದು ಗೋಡೆಯ 60 ಪ್ರತಿಶತ, ಹೇಗೋ ನಡೆಯುತ್ತಿತ್ತು. ಹೊಸ ಕೋರ್ ಮಾಡಿಸುವಾಗ ರಿಬ್‌ಗಳನ್ನು ಹಳೆಯ ಡ್ರಾಯಿಂಗಿನಿಂದಲೇ ನಕಲು ಮಾಡಿದರೆ 2.5 ಮಿ.ಮೀ. ಗೋಡೆಗೆ 2.4 ಮಿ.ಮೀ. ರಿಬ್ ಕೂಡಿಕೊಂಡಂತಾಗಿ, ಆ ಸಂಧಿ ಇಡೀ ಚೌಕಟ್ಟಿನ ಅತಿ ದಪ್ಪದ ಜಾಗವಾಗುತ್ತದೆ. ಪಾಲಿಪ್ರೊಪಿಲೀನ್‌ಗೆ ರಿಬ್ ಗೋಡೆಯ ಅರ್ಧಕ್ಕಿಂತ ಹೆಚ್ಚಿರಬಾರದು, ಇಲ್ಲಿ 1.2 ಮಿ.ಮೀ. ಸರಿ. ಒಂದು ದಪ್ಪ ರಿಬ್‌ಗೆ ಬದಲು ಎರಡು ತೆಳು ರಿಬ್ ಇಡುವುದು ಗಡಸುತನಕ್ಕೂ ಒಳ್ಳೆಯದು, ಸೈಕಲ್‌ಗೂ ಒಳ್ಳೆಯದು. ಸ್ಕ್ರೂ ದಿಮ್ಮಿಗಳನ್ನು ಘನವಾಗಿ ಬಿಡದೆ ಒಳಗಿನಿಂದ ಟೊಳ್ಳು ಮಾಡಬೇಕು.

ಮಾಲು ಬದಲಾದಾಗ

ಬಾಗನ್ನು ತಡೆಯಲು ಗಾಜಿನ ನಾರು ಬೆರೆತ ಮಾಲು ಹಾಕೋಣ ಎಂಬ ಸಲಹೆ ಬಂದೇ ಬರುತ್ತದೆ. ನಾರುಗಳು ಹರಿವಿನ ದಿಕ್ಕಿಗೆ ಮಲಗುತ್ತವೆ. ಆ ದಿಕ್ಕಿನಲ್ಲಿ ಕಡಿಮೆ, ಅಡ್ಡಕ್ಕೆ ಹೆಚ್ಚು ಕುಗ್ಗುತ್ತದೆ. ಚೌಕಟ್ಟಿನ ಮೂಲೆಯಲ್ಲಿ ಹರಿವು ತಿರುಗುವುದರಿಂದ ಈ ವ್ಯತ್ಯಾಸವೇ ಹೊಸ ಬಾಗನ್ನು ತರುತ್ತದೆ, ವೆಲ್ಡ್ ಲೈನ್ ಇನ್ನಷ್ಟು ದುರ್ಬಲವಾಗುತ್ತದೆ. ಟಾಲ್ಕ್ ಎಲ್ಲ ದಿಕ್ಕಿಗೂ ಹೆಚ್ಚು ಸಮವಾಗಿ ಕುಗ್ಗುವುದರಿಂದ ಚೌಕಟ್ಟಿಗೆ ಅದೇ ಸೂಕ್ತ. ಗ್ರೈಂಡ್ ಮಾಡಿದ ಮಾಲಿನ ಪಾಲು ಏರಿದಂತೆ ಅಣುಸರಪಳಿಗಳು ತುಂಡಾಗಿ ಮಾಲು ತೆಳ್ಳಗೆ ಹರಿಯುತ್ತದೆ. ತುಂಬುವುದು ಸುಲಭವಾಗಿ ಕಂಡರೂ ಸ್ಕ್ರೂ ರಂಧ್ರದಲ್ಲಿ ಅದು ಬೇಗ ಸೀಳುತ್ತದೆ. ಅನುಮಾನವಿದ್ದರೆ ಹೊಸ ಮಾಲು ಮತ್ತು ಚೌಕಟ್ಟಿನ ತುಂಡು ಎರಡನ್ನೂ ಮೈಸೂರಿನ ಸಿಪೆಟ್‌ನಂಥ ಪ್ಲಾಸ್ಟಿಕ್ ಪರೀಕ್ಷಾ ಸಂಸ್ಥೆಗೆ ಕಳುಹಿಸಿ ಮೆಲ್ಟ್ ಫ್ಲೋ (ಕರಗಿದ ಮಾಲು ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬ) ಪರೀಕ್ಷೆ ಮಾಡಿಸಬಹುದು.

ಕೂರಿಸಿದ ಮೇಲೆ ಬರುವ ದೂರುಗಳಲ್ಲಿ ಕೆಲವು ಅಚ್ಚಿನವಲ್ಲ. ಈ ಮಾಲು 1 ಡಿಗ್ರಿಗೆ ಮೀಟರಿಗೆ 0.09 ಮಿ.ಮೀ.ನಷ್ಟು ಹಿಗ್ಗುತ್ತದೆ. ರಾತ್ರಿಗೂ ಪಶ್ಚಿಮದ ಬಿಸಿಲು ಬೀಳುವ ಮಧ್ಯಾಹ್ನಕ್ಕೂ 40 ಡಿಗ್ರಿ ವ್ಯತ್ಯಾಸವಿದ್ದರೆ 600 ಮಿ.ಮೀ. ಬದಿ 2 ಮಿ.ಮೀ.ಗಿಂತ ಹೆಚ್ಚು ಹಿಗ್ಗುತ್ತದೆ. ಎಲ್ಲ ರಂಧ್ರಗಳೂ ದುಂಡಗಿದ್ದು ಸ್ಕ್ರೂ ಬಿಗಿಯಾಗಿದ್ದರೆ ನೇರವಾಗಿ ಬಂದ ಚೌಕಟ್ಟೂ ಗೋಡೆಯಲ್ಲಿ ಉಬ್ಬುತ್ತದೆ. ಒಂದು ರಂಧ್ರ ದುಂಡಗೆ, ಉಳಿದವು ಉದ್ದುದ್ದ ಇರಲಿ. ಮೈ ಸುಣ್ಣದಂತೆ ಪುಡಿಯಾಗಿ ಬಿರುಕು ಬಿಟ್ಟಿದ್ದರೆ ಬಿಸಿಲಿನ ರಕ್ಷಣೆಯ ಮಾಸ್ಟರ್‌ಬ್ಯಾಚ್ (ಮಾಲಿಗೆ ಬೆರೆಸುವ ಸಾಂದ್ರ ಮಿಶ್ರಣ) ಬಿಟ್ಟುಹೋಗಿದೆ ಅಥವಾ ಸಾಲದಾಗಿದೆ. ಆ ಖರ್ಚನ್ನು ಮಾತ್ರ ಕಡಿತ ಮಾಡಬಾರದು. ರಕ್ಷಣೆಯಿಲ್ಲದ ಪಾಲಿಪ್ರೊಪಿಲೀನ್ ನೇರ ಬಿಸಿಲಿಗೆ ಹೆಚ್ಚು ದಿನ ತಡೆಯುವುದಿಲ್ಲ.

ಉಕ್ಕಿಗೆ ಕೈ ಹಚ್ಚುವಾಗ

ಕಾರಣ ಖಚಿತವಾದ ಮೇಲೆ ತಿದ್ದುಪಡಿಯ ಕ್ರಮ ಮುಖ್ಯ. ಅಚ್ಚಿನ ಉಕ್ಕನ್ನು ಕೊರೆದು ತೆಗೆಯುವುದು ಸುಲಭ, ಸೇರಿಸುವುದು ಕಷ್ಟ. ಕೊರೆದರೆ ಪ್ಲಾಸ್ಟಿಕ್ ದಪ್ಪವಾಗುತ್ತದೆ. ಹಾಗಾಗಿ ಹೊಸ ಅಚ್ಚಿನಲ್ಲಿ ರಿಬ್ ಮತ್ತು ಗೋಡೆ ತೆಳು ಬದಿಗೇ ಇರಲಿ, ಗೇಟ್ ಚಿಕ್ಕದಾಗಿಯೇ ಶುರುವಾಗಲಿ. ಮೊದಲು ನೀರಿನ ದಾರಿಗಳನ್ನು ಶುಚಿಗೊಳಿಸಿ, ನಂತರ ಗೇಟ್‌ಗಳನ್ನು ಸಮತೋಲನಕ್ಕೆ ತಂದು, ಆಮೇಲೆ ದಪ್ಪ ಉಳಿದ ಜಾಗಗಳನ್ನು ಇನ್ಸರ್ಟ್‌ನಿಂದ ತೆಳುಗೊಳಿಸಿ, ಪ್ರತಿ ಹಂತದ ನಂತರವೂ ಹತ್ತು ಚೌಕಟ್ಟು ತೆಗೆದು ಒಂದು ದಿನ ಬಿಟ್ಟು ಅಳೆಯಬೇಕು. ಇಷ್ಟಾದ ಮೇಲೂ ಉದ್ದದ ಬದಿಯಲ್ಲಿ ಅರ್ಧ ಮಿ.ಮೀ. ಬಾಗು ಉಳಿದು, ಅದು ಹತ್ತರಲ್ಲೂ ಒಂದೇ ಅಳತೆಯಲ್ಲಿದ್ದರೆ, ಅಚ್ಚಿನ ಬದಿಯನ್ನೇ ಅರ್ಧ ಮಿ.ಮೀ. ಹೊರಕ್ಕೆ ಉಬ್ಬಿಸಿ ಕೊರೆಯಬಹುದು. ಕುಗ್ಗಿದಾಗ ಚೌಕಟ್ಟು ನೇರವಾಗುತ್ತದೆ. ಬಾಗು ಒಂದೊಂದರಲ್ಲಿ ಒಂದೊಂದು ಅಳತೆ ತೋರಿಸುತ್ತಿರುವಾಗ ಈ ಕೆಲಸಕ್ಕೆ ಕೈ ಹಾಕಬಾರದು. ಆಗ ಮತ್ತೆ ತಕ್ಕಡಿಯ ಬಳಿಗೆ ಹೋಗಿ ತೂಕದಿಂದ ಆರಂಭಿಸಬೇಕು.